ಎತ್ತಿಡುವ ಕೌಂಟರಿನ ಓಲೆಟಾ

ಆಗಸ್ಟ್ ತಿಂಗಳ ಒಂದು ಮಂಗಳವಾರ, ಅಂಗಡಿ ತೆರೆಯುವುದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ಮ್ಯಾನೇಜರ್ ಟ್ರೆಂಟ್ ಎಲ್ಲರನ್ನೂ ಟೈರುಗಳ ಸಾಲಿನ ಹತ್ತಿರ ನಿಲ್ಲಿಸಿ ಹೆಡ್ಡಾಫೀಸಿನ ಕಾಗದವೊಂದನ್ನು ಓದಿದ. ಓಲೆಟಾ ಪ್ರೂಯಿಟ್‌ಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ.

"ಎತ್ತಿಡೋದು ನಿಲ್ಲಿಸ್ತಾರೆ ಅಂದ್ರೆ? ನಮ್ಮ ಎತ್ತಿಡೋದಾ?"

"ಹೌದು ಓಲೆಟಾ, ನಿಮ್ಮದೇ. ಸೆಪ್ಟೆಂಬರ್ ಮೂವತ್ತಕ್ಕೆ ಕೊನೆ."

"ಬರೀ ನಮ್ಮಂಗಡೀದಾ, ಇಡೀ ಕಂಪನೀದಾ?"

"ಇಡೀ ಕಂಪನೀದು. ಈ ಕಾಲದಲ್ಲಿ ಯಾರು ಎತ್ತಿಡಿಸ್ತಾರೆ ಹೇಳಿ? ಎಲ್ರ ಜೇಬಲ್ಲೂ ಕಾರ್ಡಿದೆ."

"ಯಾರು ಎತ್ತಿಡಿಸ್ತಾರಾ? ಹಿಂದಿನ ರೂಮಿಗೆ ಬಾ ಮಗಾ. ನಾನೂರು ಜನದ ಹೆಸರು ಓದಿ ಹೇಳ್ತೀನಿ, ಕೂತ್ಕೊಂಡು ಕೇಳು."

ಟ್ರೆಂಟ್ ನಕ್ಕ. ಅವನಿಗೆ ಇಪ್ಪತ್ತೊಂಬತ್ತು ವರ್ಷ. ಕೊಲಂಬಸ್ ಪಟ್ಟಣದಿಂದ ಬಂದು ಆರು ತಿಂಗಳಾಗಿತ್ತು. ಎತ್ತಿಡುವ ಕೌಂಟರಿನಲ್ಲಿ ಓಲೆಟಾ ಕೂತು ಇಪ್ಪತ್ತಾರು ವರ್ಷವಾಗಿತ್ತು, ಅಂದರೆ ಅವನಿನ್ನೂ ಮೂರು ವರ್ಷದ ಕೂಸಾಗಿದ್ದಾಗಿನಿಂದ.

ನದಿ ದಂಡೆಯ ನಮ್ಮ ಹ್ಯಾಮ್ಲರ್ ಫೆರಿ ಊರಿನಲ್ಲಿ ಡಂಡ್ರಿಜ್ ಅಂಗಡಿ ಅಂದರೆ ಅದರ ಹಿಂಬದಿಯ ಕೌಂಟರೇ. ಮುಂಬಾಗಿಲು ಬರೀ ಅಲ್ಲಿಗೆ ಹೋಗುವ ದಾರಿ. ಸಾಮಾನು ಇಷ್ಟವಾಯಿತು, ಪೂರ್ತಿ ದುಡ್ಡು ಕೈಯಲ್ಲಿಲ್ಲ ಅಂದರೆ ಅದನ್ನು ತಂದು ಓಲೆಟಾ ಮುಂದೆ ಇಡುವುದು. ಅವಳು ಅದನ್ನು ಕಂದು ಕಾಗದದ ಚೀಲಕ್ಕೆ ಹಾಕಿ, ಹೆಸರಿನ ಚೀಟಿ ಹೊಡೆದು, ಹಿಂದಿನ ರೂಮಿನಲ್ಲಿ ಎತ್ತಿಡುವಳು. ಸಂಬಳದ ಶುಕ್ರವಾರ ಬಂದು ಐದೋ ಹತ್ತೋ ಕಟ್ಟುತ್ತಾ ಹೋಗುವುದು, ಕೊನೆಯ ಕಂತಿನ ದಿನ ಮನೆಗೆ ಒಯ್ಯುವುದು. ಬಡ್ಡಿ ಇಲ್ಲ, ಬಾಕಿ ಅನ್ನುವ ಮಾತಿಲ್ಲ. ಕಟ್ಟಲಾಗದಿದ್ದರೆ ಎರಡು ಡಾಲರ್ ಹಿಡಿದುಕೊಂಡು ಉಳಿದದ್ದು ವಾಪಸ್ಸು. ಕೊನೆಯ ಕಂತಿನವರೆಗೆ ಸಾಮಾನು ಅಂಗಡಿಯದು, ಆಮೇಲೆ ನಮ್ಮದು. ಊರಿನ ಜನಕ್ಕೆ ಇದು ಎಷ್ಟು ಮೈಗೂಡಿತ್ತೆಂದರೆ, ಕಂತು ಮುಗಿಯದ ಸಾಮಾನನ್ನು ನೋಡಲು ಬಂದವರು ಚೀಲದ ಬಾಯಿ ತೆರೆಸಿ ಇಣುಕುತ್ತಿದ್ದರೇ ಹೊರತು ಒಳಗೆ ಕೈ ಹಾಕುತ್ತಿರಲಿಲ್ಲ.

ಹೀಗಾಗಿ ಊರಿನ ಗುಟ್ಟೆಲ್ಲ ಓಲೆಟಾ ಹೊಟ್ಟೆಯಲ್ಲಿತ್ತು. ಒಂದು ಕ್ರಿಸ್‌ಮಸ್‌ಗೆ ಕ್ಲೀಟ್ ಬ್ರ್ಯಾಂಡನ್‌ಬರ್ಗ್ ತನ್ನ ಹೆಂಡತಿಗೆಂದು ಒಂದು ರೇಡಿಯೊ ಎತ್ತಿಡಿಸಿದ. ನಾಲ್ಕೇ ದಿನಕ್ಕೆ ಅವನ ಹೆಂಡತಿ ಬಂದು ಅವನಿಗೆಂದು ಅದೇ ಥರದ ಇನ್ನೊಂದು ರೇಡಿಯೊ ಎತ್ತಿಡಿಸಿದಳು. ಇಬ್ಬರೂ "ಅವರಿಗೆ ಹೇಳ್ಬೇಡಿ ಮಿಸ್ ಓಲೆಟಾ" ಅಂತ ಆಣೆ ಹಾಕಿಸಿಕೊಂಡಿದ್ದರು. ಇವಳು ತಲೆ ಕೆಡಿಸಿಕೊಂಡು, ಕೊನೆಗೆ ಕ್ಲೀಟನನ್ನು ಕರೆದು "ನಿನ್ನ ರೇಡಿಯೋಲಿ ಬಿರುಕು ಬಿಟ್ಟಿದೆ ಕಣಪ್ಪಾ, ಅದರ ಬದಲು ಆ ನೀಲಿ ಕೋಟ್ ತಗೊಂಡ್ಹೋಗು, ಅವಳು ಎರಡು ಸಲ ಮುಟ್ಟಿ ನೋಡಿ ಹೋದ್ಲು" ಅಂದಳು. ಸುಳ್ಳೇ. ಆದರೆ ಆ ಸುಳ್ಳಿನಿಂದ ಒಂದು ಮನೆಯಲ್ಲಿ ಹಬ್ಬ ನೆಟ್ಟಗಾಯಿತು. ಇಂಥ ಸುಳ್ಳುಗಳನ್ನು ಅವಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಸೆಪ್ಟೆಂಬರ್ ಮೂವತ್ತಾಯಿತು. ಹಿಂದಿನ ರೂಮಿನ ಕಪಾಟುಗಳನ್ನು ಕಿತ್ತು ಅಲ್ಲಿ ಹಾಸಿಗೆಗಳನ್ನು ಜೋಡಿಸಿದರು. ಓಲೆಟಾಳನ್ನು ಮುಂಬಾಗಿಲಿಗೆ ತಂದು ಒಂದು ಮಡಿಸುವ ಮೇಜಿನ ಮುಂದೆ ಕೂರಿಸಿದರು. ಮೇಜಿನ ಮೇಲೆ ಅಂಗಡಿಯದೇ ಸಾಲದ ಕಾರ್ಡಿನ ಅರ್ಜಿಗಳು, ಪಕ್ಕದಲ್ಲಿ ಅರ್ಜಿ ತುಂಬಿದವರಿಗೆ ಪುಕ್ಕಟೆ ಕೊಡುವ ಚೀಲಗಳ ರಾಶಿ. ಅವಳಿಗೆ ಅರವತ್ತೊಂದು. ಅರವತ್ತೈದಾಗಿ ಸರ್ಕಾರದ ವಿಮೆ ಸಿಗುವ ತನಕ ಅವಳ ಮತ್ತು ಗಂಡನ ಆಸ್ಪತ್ರೆ ಖರ್ಚಿಗೆ ಈ ಕೆಲಸದ ವಿಮೆಯೇ ಗತಿ. ಎದ್ದು ಹೋಗುವ ಹಾಗಿರಲಿಲ್ಲ, ಎದ್ದೂ ಹೋಗಲಿಲ್ಲ.

ಮೊದಲ ವಾರ ಒಬ್ಬರೂ ಅರ್ಜಿ ಮುಟ್ಟಲಿಲ್ಲ. ಅವಳನ್ನು ಅಲ್ಲಿ ಕಂಡು ಜನ ಮುಖ ತಿರುಗಿಸಿಕೊಂಡು ಹೋದರು. ಸಾಲ ಅಂದರೆ ನಮ್ಮೂರಿನವರಿಗೆ ಆಗ ಮೈ ಜುಮ್ಮೆನ್ನುತ್ತಿತ್ತು. ಟ್ರೆಂಟ್ ದಿನಕ್ಕೆರಡು ಸಲ ಬಂದು ಕೈ ಗಡಿಯಾರ ನೋಡಿಕೊಂಡು ಹೋಗುತ್ತಿದ್ದ. ಎರಡನೆಯ ವಾರ ಓಲೆಟಾಗೆ ಒಂದು ಮಾತು ಹೊಳೆಯಿತು.

"ಹೆದರ್ಕೋಬೇಡಿ, ಇದೂ ಎತ್ತಿಟ್ಟ ಹಾಗೇನೇ. ಸಾಮಾನು ನಮ್ಮ ಹತ್ರ ಇರೋ ಬದಲು ನಿಮ್ಮನೇಲಿರುತ್ತೆ, ಅಷ್ಟೇ."

ಅಷ್ಟೇ ಸಾಕಾಯಿತು. ಕಂಪನಿ ಲಕ್ಷಗಟ್ಟಲೆ ಸುರಿದು ಟಿವಿಯಲ್ಲಿ ಕೂಗಿಸಿದ್ದರೂ ಆಗದ ಕೆಲಸವನ್ನು ಈ ಒಂದು ಮಾತು ಮಾಡಿತು. ಮಿಸ್ ಓಲೆಟಾ ಹೇಳಿದ ಮೇಲೆ ಇನ್ನೇನು ಯೋಚನೆ ಅಂತ ಜನ ಸಾಲಾಗಿ ರುಜು ಹಾಕಿದರು. ಒಂದೇ ತಿಂಗಳಲ್ಲಿ ಅವಳ ಫೋಟೊ ನೌಕರರ ರೂಮಿನ ಗೋಡೆ ಏರಿತು. ಟ್ರೆಂಟ್ ಅವಳ ಹೆಸರು ಬರೆಸಿದ ಕೇಕ್ ತರಿಸಿದ. ಅವಳು ಒಂದು ತುಂಡು ತಿಂದು, ಒಂದು ತುಂಡು ಗಂಡನಿಗೆ ಒಯ್ದಳು. ಒಳಗೊಳಗೇ ಹೆಮ್ಮೆಯೂ ಆಗಿತ್ತು. ಇಲ್ಲ ಅಂದರೆ ಸುಳ್ಳು ಹೇಳಿದಂತಾಗುತ್ತದೆ.

ಆರ್ವಲ್ ಗ್ಯಾಸ್ಕಿನ್ಸ್ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಎನಾಮಲ್ ಪಾತ್ರೆಗಳ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಮನೆಯಲ್ಲಿದ್ದವನು. ಹೆಂಡತಿ ಡೆಲ್ಫಾ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಮನೆಯ ಗಡಿಯಾರದಿಂದ ಹಿಡಿದು ಡೆಲ್ಫಾಳ ಕೊನೆಯ ಚಳಿಗಾಲದ ಕೋಟಿನವರೆಗೆ ಎಲ್ಲವೂ ಓಲೆಟಾ ಕೈ ದಾಟಿಯೇ ಹೋದದ್ದು. ಮನೆ ಬಿಸಿ ಮಾಡುವ ಫರ್ನೇಸ್ ಕೆಟ್ಟಿತ್ತು. ರಿಪೇರಿಗೆ ಕೇಳಿದ ದುಡ್ಡು ಕೇಳಿ ಅವನು ಫೋನನ್ನೇ ಕೆಳಗಿಟ್ಟಿದ್ದ. ಎಣ್ಣೆ ತುಂಬಿದ ಒಂದು ಕರೆಂಟ್ ಹೀಟರನ್ನು ಗಾಡಿಯಲ್ಲಿಟ್ಟು ತಳ್ಳಿಕೊಂಡು ಸೀದಾ ಹಿಂದಕ್ಕೆ ಹೋಗಿ, ಹಾಸಿಗೆಗಳ ನಡುವೆ ಸ್ವಲ್ಪ ಹೊತ್ತು ನಿಂತು, ಮುಂದಕ್ಕೆ ಬಂದ.

"ನಿನ್ನನ್ನ ಇಲ್ಲಿ ತಂದು ಕೂರಿಸಿದಾರಾ ಓಲೆಟಾ? ಹೋಗ್ಬರೋರಿಗೆ ಕೈ ಬೀಸೋ ಕೆಲಸಾನಾ?"

"ಬಾಯ್ಮುಚ್ಕೊಂಡು ಕೂತ್ಕೋ. ಇಲ್ಲಿ ರುಜು ಹಾಕು."

"ಇದು ಸಾಲ ಅಲ್ವೇನೇ?"

"ಎತ್ತಿಟ್ಟ ಹಾಗೇನೇ ಮಾರಾಯ. ನಿನ್ನ ಮನೇಲಿರುತ್ತೆ, ಅಷ್ಟೇ."

ಅವನು ಕನ್ನಡಕ ಹಾಕಿಕೊಂಡು ಅರ್ಜಿಯನ್ನು ನಿಧಾನಕ್ಕೆ ಓದಿದ. ಹಿಂದೆ ನಿಂತವರು ಕೆಮ್ಮಿದರು.

"ಕೊನೇ ಕಂತು ಯಾವ ತಾರೀಕು?"

"ತಾರೀಕು ಗೀರೀಕು ಇಲ್ಲ. ನಿಂಗಾದಂಗೆ ಕಟ್ಟು."

"ತಾರೀಕಿಲ್ದೇ ಇರೋ ಕಂತು ಎಲ್ಲಿದ್ಯೇ?" ಅಂದ ಆರ್ವಲ್. ಅವಳು ನಕ್ಕು, ಪೆನ್ನನ್ನು ಅವನ ಬೆರಳುಗಳ ನಡುವೆ ಇಟ್ಟಳು. ಅವನು ರುಜು ಹಾಕಿದ. ಪುಕ್ಕಟೆ ಚೀಲ ಬೇಡವೆಂದ.

ಅಲ್ಲಿಂದ ಪ್ರತಿ ಶುಕ್ರವಾರ ಬಂದು, ಮೊದಲಿನ ಹಾಗೇ ಐದು ಡಾಲರಿನ ಒಂದು ನೋಟು ಅವಳ ಕೈಗೆ ಕೊಟ್ಟು, ರಸೀದಿ ಮಡಚಿಕೊಂಡು ಹೋಗುತ್ತಿದ್ದ. ನವೆಂಬರ್, ಡಿಸೆಂಬರ್ ಹೀಗೇ ಕಳೆಯಿತು. ಹೊಸ ವರ್ಷದ ಹೊತ್ತಿಗೆ ನದಿಯ ಅಂಚು ಹೆಪ್ಪುಗಟ್ಟಿತ್ತು. ಜನವರಿಯಲ್ಲಿ ಒಂದು ಶುಕ್ರವಾರ ಅವನು ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆರ್ವಲ್ ಒಂದು ಕಂತು ತಪ್ಪಿಸಿದವನಲ್ಲ. ಭಾನುವಾರ ಚರ್ಚ್ ಮುಗಿಸಿಕೊಂಡು, ಒಂದು ಡಬ್ಬಿಯಲ್ಲಿ ಬೀನ್ಸ್ ಸಾರು, ಒಂದಿಷ್ಟು ಕಾರ್ನ್‌ಬ್ರೆಡ್ ಕಟ್ಟಿಕೊಂಡು ಓಲೆಟಾ ಅವನ ಮನೆಗೆ ಕಾರು ತಿರುಗಿಸಿದಳು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಹೊರಗಿಗಿಂತ ಒಳಗೇ ಚಳಿ. ಅವಳ ಉಸಿರು ಅವಳ ಕಣ್ಣೆದುರೇ ಬೆಳ್ಳಗೆ ಕಾಣುತ್ತಿತ್ತು. ಅಡುಗೆಮನೆಯ ಸಿಂಕಿನಲ್ಲಿ ಲೋಟದ ನೀರು ಗಟ್ಟಿಯಾಗಿತ್ತು. ಗ್ಯಾಸ್ ಮುಗಿದ ಓವನ್ನಿನ ಬಾಗಿಲು ತೆರೆದು, ಅದರ ಮುಂದೆ ಕುರ್ಚಿ ಹಾಕಿಕೊಂಡು, ಎರಡು ಕೋಟಿನ ಮೇಲೆ ಒಂದು ಕಂಬಳಿ ಹೊದ್ದು ಆರ್ವಲ್ ಕೂತಿದ್ದ. ಅವನ ತುಟಿ ನೀಲಿಗಟ್ಟಿತ್ತು. ಕೆಮ್ಮು ಎದೆಯ ಆಳದಿಂದ ಬರುತ್ತಿತ್ತು.

"ಓಲೆಟಾ... ಬರಕ್ಕಾಗ್ಲಿಲ್ಲ ಕಣೇ. ಎರಡು ವಾರದ್ದು ಮೇಜಿನ ಮೇಲಿದೆ, ತಗೊಂಡ್ಹೋಗು." ಮಾತು ತೊದಲುತ್ತಿತ್ತು.

"ದುಡ್ಡಿಗೆ ಬೆಂಕಿ ಬೀಳ್ಲಿ! ಹೀಟರ್ ಎಲ್ಲಿ? ಕೆಟ್ಟುಹೋಯ್ತಾ?"

"ಕೆಡೋದಾ? ಹೊಸದು ಇದ್ದಂಗೇ ಇದೆ. ಎತ್ತಿಟ್ಟಿದೀನಿ."

ಅವಳಿಗೆ ತಿಳಿಯಲಿಲ್ಲ. ಅವನು ಕಂಬಳಿಯೊಳಗಿಂದ ಗಲ್ಲ ಎತ್ತಿ ಮಲಗುವ ಕೋಣೆಯ ಕಡೆ ತೋರಿಸಿದ. ಹೋಗಿ ಡೆಲ್ಫಾಳ ಬಟ್ಟೆಯ ಕಪಾಟು ತೆಗೆದಳು. ಬಟ್ಟೆಗಳನ್ನೆಲ್ಲ ಒಂದು ಕಡೆಗೆ ಸರಿಸಿ ಜಾಗ ಮಾಡಿತ್ತು. ಅಲ್ಲಿ ದಿನಸಿ ಅಂಗಡಿಯ ಕಂದು ಚೀಲಗಳನ್ನು ಕತ್ತರಿಸಿ ಅಂಟಿಸಿ ಮುಚ್ಚಿದ ಪೆಟ್ಟಿಗೆ. ಅದಕ್ಕೊಂದು ಚೀಟಿ. ಚೀಟಿಯಲ್ಲಿ ಅವನ ದಪ್ಪ ಅಕ್ಷರದಲ್ಲಿ ಹೆಸರು, ಸಾಮಾನು, ಅದರ ಕೆಳಗೆ ಹನ್ನೊಂದು ಶುಕ್ರವಾರಗಳು, ಒಂದೊಂದಕ್ಕೂ ಒಂದು ಗೀಟು. ಕಾಗದ ಸರಿಸಿ ನೋಡಿದರೆ ಪೆಟ್ಟಿಗೆಯ ಟೇಪು ಕಾರ್ಖಾನೆಯಲ್ಲಿ ಹಾಕಿದಂತೆಯೇ ಇತ್ತು.

ಓಲೆಟಾ ಚೀಟಿಯನ್ನು ಕೊನೆಯವರೆಗೆ ಓದಿದಳು. ಮಂಚದ ಅಂಚಿನಲ್ಲಿ ಕೂತಳು. ಹೊರಗೆ ಹದಿನೈದು ದಿನದಿಂದ ನದಿ ಹೆಪ್ಪುಗಟ್ಟುವ ಚಳಿ. ಹತ್ತು ಹೆಜ್ಜೆ ದೂರದಲ್ಲಿ ಹೀಟರ್. ಈ ಮನುಷ್ಯ ಅದನ್ನು ಕಾಯುತ್ತಾ ಚಳಿಯಲ್ಲಿ ಸಾಯುತ್ತಿದ್ದಾನೆ!

"ನಿಂಗೇನು ತಲೆ ಕೆಟ್ಟಿದ್ಯಾ ಆರ್ವಲ್?" ಅಂತ ಅಲ್ಲಿಂದಲೇ ಕಿರುಚಿದಳು. "ಯಾಕೋ ಬಿಚ್ಚಲಿಲ್ಲ?"

"ಹೇಗ್ ಬಿಚ್ಲಿ? ಕಂತು ಮುಗಿದಿಲ್ವಲ್ಲ. ಮೇಜಿನ ಮೇಲಿರೋ ಎರಡೂ ಸೇರಿ ಇನ್ನೊಂದು ಹದಿನೇಳು ವಾರ ಇದೆ. ಏಪ್ರಿಲ್ ಮುಗಿಯೋ ಹೊತ್ಗೆ ನಂದಾಗುತ್ತೆ."

ಏಪ್ರಿಲ್ ಕೊನೆಗೆ ನಮ್ಮೂರಿನಲ್ಲಿ ಚೆರ್ರಿ ಹೂ ಬಿಟ್ಟಿರುತ್ತದೆ. ಕಿಟಕಿಯ ಹತ್ತಿರ ಕಾರ್ಡ್ ಕಂಪನಿಯ ಲಕೋಟೆಗಳು ಒಂದರ ಮೇಲೊಂದು ಬಿದ್ದಿದ್ದವು, ಒಂದನ್ನೂ ಒಡೆದಿರಲಿಲ್ಲ. ಎತ್ತಿಡುವ ಕೌಂಟರಿನಿಂದ ಯಾರಿಗೂ ಎಂದೂ ಕಾಗದ ಬಂದದ್ದಿಲ್ಲ, ಅವನಾದರೂ ಯಾಕೆ ಒಡೆದಾನು? ಓಲೆಟಾ ಮೇಲಿನದನ್ನು ಒಡೆದಳು. ಎರಡು ಸಲ ಓದಿದಳು. ತಿಂಗಳಿಗೆ ಕನಿಷ್ಠ ಇಪ್ಪತ್ತೈದು ಕಟ್ಟಬೇಕಿತ್ತು. ಅವನು ವಾರಕ್ಕೆ ಐದರಂತೆ ಇಪ್ಪತ್ತು ಕಟ್ಟಿದ್ದ. ಆ ಐದು ಡಾಲರ್ ಕಡಿಮೆ ಬಿದ್ದದ್ದಕ್ಕೆ ತಿಂಗಳು ತಿಂಗಳೂ ಇಪ್ಪತ್ತೊಂಬತ್ತು ದಂಡ, ಮೇಲೆ ಬಡ್ಡಿ. ನೂರ ಮೂವತ್ತೊಂಬತ್ತರ ಹೀಟರಿಗೆ ಐವತ್ತೈದು ಕಟ್ಟಿ ಆದ ಮೇಲೆ ಅವನು ಕೊಡಬೇಕಾದದ್ದು ನೂರ ಎಪ್ಪತ್ತಾರು. ಈ ಲೆಕ್ಕದಲ್ಲಿ ಕೊನೆಯ ಕಂತು ಏಪ್ರಿಲ್‌ನಲ್ಲಲ್ಲ, ಅವನು ಬದುಕಿರುವಾಗ ಬರುವಂತೆಯೇ ಇರಲಿಲ್ಲ. ಆ ಐದೈದು ಡಾಲರನ್ನೂ ನಗುನಗುತ್ತಾ ಕೈ ಚಾಚಿ ತೆಗೆದುಕೊಂಡವಳು ಅವಳೇ.

ಅಡುಗೆಮನೆಯಿಂದ ಚಾಕು ತಂದು, ಪೆಟ್ಟಿಗೆಯನ್ನು ಅವನ ಮುಂದಕ್ಕೇ ಎಳೆದುಕೊಂಡು ಬಂದಳು.

"ಮುಟ್ಬೇಡ ಓಲೆಟಾ." ಅವನು ಏಳಲು ಹೋದ. ಆಗಲಿಲ್ಲ. "ಅದಿನ್ನೂ ನಂದಲ್ಲ. ನನ್ನ ಮನೇಲೇ ನನ್ನ ಕಳ್ಳನ್ನ ಮಾಡ್ಬೇಡ."

"ನಿಂದೇ ಕಣೋ ಇದು! ರುಜು ಹಾಕಿದ ದಿನಾನೇ ನಿಂದಾಗಿತ್ತು!"

"ಎತ್ತಿಟ್ಟ ಹಾಗೇನೇ ಅಂದ್ಯಲ್ಲ ನೀನು."

ಅವಳು ಚಾಕು ಹಾಕಿ ಟೇಪು ಸೀಳಿದಳು. ಹೀಟರನ್ನು ಎತ್ತಿ ನಿಲ್ಲಿಸಿ ಪ್ಲಗ್ ಹಾಕಿದಳು. ಅದರ ಕೆಂಪು ದೀಪ ಹತ್ತಿತು. ಆರ್ವಲ್ ಮುಖ ಆ ಕಡೆ ತಿರುಗಿಸಿಕೊಂಡ. ಅವಳು ಅವನ ಎರಡೂ ಕೈ ಹಿಡಿದು ತಿಕ್ಕಿದಳು. ಬೆರಳು ಮರದ ಹಾಗೆ ಸೆಟೆದಿದ್ದವು. ಆಮೇಲೆ ಫೋನಿಗೆ ಹೋಗಿ ಆಂಬುಲೆನ್ಸಿಗೆ ಹೇಳಿದಳು. ಮನೆ ನಂಬರ್ ಹೇಳುವಾಗ ಎರಡು ಸಲ ತಪ್ಪಿದಳು.

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಬೇಕೆಂದರು. ಇಬ್ಬರೂ ಹೀಟರಿನ ಮುಂದೆ ಕೂತರು. ಸ್ವಲ್ಪ ಹೊತ್ತಿಗೆ ಅವನ ತುಟಿಗೆ ಒಂದಿಷ್ಟು ಬಣ್ಣ ಬಂತು. ಅವಳು ಒಂದೇ ಸಮನೆ ಅಳುತ್ತಿದ್ದಳು. ಅವನು ಸಿಟ್ಟು ಮಾಡಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಊರಿನ ಸುದ್ದಿ ಕೇಳುವ ದನಿಯಲ್ಲೇ ಕೇಳಿದ.

"ಬೇರೆಯೋರ್ಗೂ ಹೀಗೇ ಹೇಳಿದ್ಯಾ?"

"ಹೂಂ."

"ಎಷ್ಟು ಜನಕ್ಕೆ?"

"ಇನ್ನೂರ ಹದಿನಾಲ್ಕು" ಅಂದಳು ಓಲೆಟಾ.

ಆರ್ವಲ್ ಕಾಲಿನಿಂದ ಹೀಟರನ್ನು ಮೆಲ್ಲಗೆ ಅವಳ ಕಡೆಗೂ ಒಂದಿಷ್ಟು ತಿರುಗಿಸಿದ.