‘ಬೇಡ’ ಅನ್ನುವ ಪಾಠ

ಆ ಶಾಲೆಯ ಮಾತಿನ ಟೀಚರಿಗೆ ಕೊಟ್ಟಿದ್ದನ್ನು ಕೋಣೆ ಎನ್ನುವುದೇ ಹೆಚ್ಚು. ಹಿಂದೆ ಆಟದ ಸಾಮಾನು ತುರುಕಿಡುತ್ತಿದ್ದ ಜಾಗ ಅದು. ಎರಡು ಪುಟ್ಟ ಕುರ್ಚಿ, ಅಂಗಳಕ್ಕೆ ತೆರೆದ ಒಂದು ಕಿಟಕಿ. ಹೊಡೆಯುವ, ಕಿರುಚುವ, ಕಚ್ಚುವ ಮಕ್ಕಳನ್ನೆಲ್ಲ ಅಲ್ಲಿಗೆ ಅಟ್ಟುತ್ತಿದ್ದರು. ಕೈ ಎತ್ತುವ ಮೊದಲು ಬಾಯಿಬಿಟ್ಟು ಕೇಳುವುದನ್ನು ಕಲಿಸುವುದು ಟೀಚರ ಕೆಲಸ. ದಿನವಿಡೀ ಮಾತೇ ಮಾತು. ಸಂಜೆ ಮನೆಗೆ ಹೋದರೆ ಊಟ ಆಯ್ತಾ ಅಂತ ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ.

ಶಾಲೆಯಲ್ಲೂ ಅಷ್ಟೇ. ಉಳಿದ ಟೀಚರುಗಳು ಒಟ್ಟಿಗೆ ಊಟಕ್ಕೆ ಕೂರುವ ಹೊತ್ತಿಗೇ ಮಕ್ಕಳನ್ನು ಆಟಕ್ಕೆ ಬಿಡುವುದು. ತಮ್ಮ ಕೋಣೆಯ ಮಕ್ಕಳ ಮೇಲೆ ಕಣ್ಣಿಡಬೇಕಾದ ಇವರು ಕಿಟಕಿ ಬಿಟ್ಟು ಕದಲುವಂತಿರಲಿಲ್ಲ. ಮೊದಮೊದಲು ಅವರು ಕರೆದರು, ಆಮೇಲೆ ಬಿಟ್ಟರು. ಪಾಪ, ಎಷ್ಟು ಸಲ ಅಂತ ಕರೆದಾರು!

ಈ ವರ್ಷ ಬಂದವಳು ಎರಡನೇ ತರಗತಿಯ ಹುಡುಗಿ. ಹೆತ್ತವರು ಇಟ್ಟ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಇಡೀ ಶಾಲೆಗೆ ಅವಳು ಗುಡುಗು. ಕಚ್ಚುವುದರಲ್ಲಿ ಎತ್ತಿದ ಕೈ.

“ಇನ್ನೊಂದು ಮಗೂನ ಕಚ್ಚಿದ್ರೆ ನಾನು ಇಟ್ಕೊಳ್ಳಲ್ಲ. ಬೇರೆ ಶಾಲೆ ನೋಡ್ಕೊಳ್ಳಲಿ,” ಎಂದು ಹೆಡ್ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಟೀಚರು ಹಟ ಹಿಡಿದು ಕಲಿಸಿದರು. “ನಾನೂ ಆಟಕ್ಕೆ ಬರಲಾ?” ಎಂದು ಹುಡುಗಿ ಕೇಳುವುದು, ಆಟದಲ್ಲಿರುವ ಮಗುವಿನಂತೆ ನಟಿಸಿ ಟೀಚರು “ಬಾ ಬಾ!” ಎಂದು ಕೈ ಚಾಚುವುದು. ವಾರಗಟ್ಟಲೆ ಇದೇ ನಡೆಯಿತು. ಗುಡುಗು ಅರಳು ಹುರಿದಂತೆ ಹೇಳತೊಡಗಿದಳು.

ಒಂದು ದಿನ ಅಂಗಳಕ್ಕೆ ಹೋಗಿ ಕೇಳಿಯೂ ಬಿಟ್ಟಳು, ಒಂದಕ್ಷರ ತಪ್ಪದೆ.

“ಬೇಡ,” ಅಂದಳು ಹಗ್ಗ ತಿರುಗಿಸುತ್ತಿದ್ದ ಹುಡುಗಿ.

ಮುಂದೆ ಏನು ಹೇಳಬೇಕು ಎಂದು ಗುಡುಗು ಕಿಟಕಿಯ ಕಡೆ ನೋಡಿದಳು. ಮುಂದಿನ ಮಾತನ್ನು ಟೀಚರು ಕಲಿಸಿಯೇ ಇರಲಿಲ್ಲ. ಅವರು ಎದ್ದುಬಿದ್ದು ಓಡಿಹೋಗಿ, ಕಚ್ಚಲು ನುಗ್ಗಿದವಳನ್ನು ತಬ್ಬಿ ಹಿಡಿದದ್ದಕ್ಕೆ ಹಗ್ಗದ ಹುಡುಗಿ ಬಚಾವಾದಳು. ಹಲ್ಲು ಇಳಿದದ್ದು ಟೀಚರ ಕೈಗೆ. ಗಾಯ ಯಾರಿಗೂ ಕಾಣದಂತೆ ಸೆರಗು ಸುತ್ತಿಕೊಂಡು ಅವರು ಕೋಣೆಗೆ ಬಂದು ಕೂತರು. ಎಂಥ ಪೆದ್ದುತನ! ತನಗೆ ಯಾರಾದರೂ ಹೇಳಲಿ ಎಂದು ಆಸೆಪಟ್ಟ ‘ಬಾ ಬಾ’ ಎಂಬ ಮಾತನ್ನೇ ಇಷ್ಟು ದಿನ ಮಗುವಿಗೆ ಹೇಳುತ್ತ ಬಂದಿದ್ದರು.

ಮರುದಿನದಿಂದ ‘ಬೇಡ’ ಅನ್ನುವ ಪಾಠ ಶುರುವಾಯಿತು. ಗುಡುಗು ಕೇಳುವುದು, ಟೀಚರು ಮನಸ್ಸಿಲ್ಲದಿದ್ದರೂ ಮುಖ ಗಂಟಿಕ್ಕಿ ಹಾಗನ್ನುವುದು.

“ಬೇಡ ಅಂದ್ರೆ ‘ಸರಿ, ಆಮೇಲೆ ಕೇಳ್ತೀನಿ’ ಅನ್ನು ಪುಟ್ಟಾ. ನಲ್ಲಿ ಹತ್ರ ಹೋಗಿ ನೀರು ಕುಡಿ. ಆಮೇಲೆ ಇನ್ನೊಂದ್ಸಲ ಕೇಳು.”

“ಆಗ್ಲೂ ಬೇಡ ಅಂದ್ರೆ?”

“ಮತ್ತೆ ನೀರು ಕುಡಿ.”

“ಹೊಟ್ಟೆ ಒಡೆದುಹೋಗುತ್ತೆ ಟೀಚರ್!”

ಹೊಟ್ಟೆ ಒಡೆಯಲಿಲ್ಲ. ಮತ್ತೆ ಅಂಗಳಕ್ಕಿಳಿದಾಗ ಹಗ್ಗದಾಟದ ಮಕ್ಕಳು ‘ಬೇಡ’ ಅಂದರು. ಗುಡುಗು ಹಲ್ಲು ಕಚ್ಚಿ “ಸರಿ, ಆಮೇಲೆ ಕೇಳ್ತೀನಿ” ಅಂದಳು. ನೀರು ಕುಡಿದಳು. ಹೋಗಿ ಮತ್ತೆ ಕೇಳಿದಳು. ಹಗ್ಗದ ಒಂದು ತುದಿ ಅವಳ ಕೈಗೆ ಸಿಕ್ಕಿತು. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ.

ಟೀಚರ ಕಣ್ಣು ತುಂಬಿ ಬಂತು. ಗೆದ್ದೆ ಎಂಬ ಖುಷಿಯ ಹಿಂದೆಯೇ ಕೋಣೆ ಭಣಭಣ ಎನ್ನತೊಡಗಿತು. ಇನ್ನು ಕಿಟಕಿ ಕಾಯುವ ಕೆಲಸವಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಟೀಚರುಗಳ ಕೋಣೆಯ ಬಾಗಿಲಿಗೆ ಹೋಗಿ ನಿಂತರು. ಒಳಗೆ ನಗು.

“ನಾನೂ ಬರಲಾ?”

ನಗು ನಿಂತಿತು. “ಅಯ್ಯೋ, ಜಾಗಾನೇ ಇಲ್ವಲ್ಲ! ನೀವು ಅಲ್ಲೇ ಊಟ ಮಾಡ್ತೀರಲ್ವಾ?” ಅಂದರು ಡ್ರಾಯಿಂಗ್ ಟೀಚರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

“ಸರಿ, ಆಮೇಲೆ...” ಎಂದವರೇ ಇವರು ಅಂಗಳಕ್ಕೆ ಬಂದರು. ನಲ್ಲಿ ತಿರುಗಿಸಿ, ಬಾಯಾರಿಕೆ ಇಲ್ಲದಿದ್ದರೂ ಬೊಗಸೆಯೊಡ್ಡಿ ಕುಡಿದರು. ಹಗ್ಗ ಬಿಟ್ಟು ಬಂದ ಗುಡುಗು ಪಕ್ಕದಲ್ಲಿ ನಿಂತು ಅವರ ಮುಖವನ್ನೇ ನೋಡಿದಳು.

“ಟೀಚರ್, ನಿಮಗೂ ಬೇಡ ಅಂದ್ರಾ?”

“ಹೂಂ.”

“ಇನ್ನೊಂದ್ಸಲ ಕೇಳ್ಬೇಕು,” ಅಂದಳು. ಅಷ್ಟರಲ್ಲಿ ಹಗ್ಗದಾಟದ ಕಡೆಯಿಂದ ಯಾರೋ ಅವಳನ್ನು ಕೂಗಿದರು, ಅವಳ ನಿಜವಾದ ಹೆಸರು ಹಿಡಿದು. ಅವಳು ಓಡಿಹೋದಳು. ಟೀಚರು ಮತ್ತೊಂದು ಬೊಗಸೆ ನೀರು ಹಿಡಿದರು.