ಪುಸ್ತಕದಾಕಿ, ಸಿನಿಮಾದಾಕಿ

ಮೊನ್ನೆ ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟ ಬಸ್ಸು ಹುನಗುಂದದಲ್ಲಿ ನಿಂತಾಗ ಮುಂದಿನ ಸೀಟಿನವರು ಬಿಸಿ ಶೇಂಗಾದ ಪೊಟ್ಟಣ ಬಿಚ್ಚಿದರು. ಆ ಹುರಿದ ವಾಸನೆಗೆ ಥೇಟರಿನ ಕತ್ತಲು ನೆನಪಾಯಿತು, ಪಕ್ಕದಲ್ಲಿ ಕೂತಿದ್ದ ಅಕ್ಕೋರು ನೆನಪಾದರು...

ನವನಗರದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಅವರು ಬಾಡಿಗೆಗಿದ್ದರು. ಹೆಣ್ಣುಮಕ್ಕಳ ಸಾಲೆಯಲ್ಲಿ ಹಾಡು ಕಲಿಸುತ್ತಿದ್ದರು. ಸಣ್ಣವರಿದ್ದಾಗಲೇ ಕಣ್ಣು ಹೋಗಿದ್ದವು. ನಾನಾಗ ಬಿ.ಎ. ಓದುತ್ತಿದ್ದೆ. ಮಧ್ಯಾಹ್ನ ಅವರಿಗೆ ಕಾದಂಬರಿ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು.

ಆ ಬೇಸಿಗೆಯಲ್ಲಿ ಓದಿದ್ದು ಮುಂದೆಂದೋ ಬರುವ ಕೆಟ್ಟ ಕಾಲದ ಕತೆ. ಅಲ್ಲಿ ಊರು, ಓಣಿ, ಹೊಳೆ, ಎಲ್ಲಕ್ಕೂ ಬರೀ ನಂಬರು. ಹಳೆಯ ಹೆಸರು ಬಾಯಿಗೆ ಬಂದರೆ ಸೆರೆಮನೆ. ನಾಯಕಿ ಸಾಲೆಯಲ್ಲಿ ನಂಬರು ಕಲಿಸುವವಳು. ಗಂಟೆ ಹೊಡೆದ ಮೇಲೆ ಯಾವುದಾದರೊಂದು ಮಗುವಿನ ಕಿವಿಯಲ್ಲಿ ಹಳೆಯ ಹೆಸರೊಂದನ್ನು ಪಿಸುಗುಟ್ಟುತ್ತಾಳೆ. ಮನೆ ಮುಟ್ಟುವವರೆಗೂ ಅಂಜಿಕೆಯಿಂದ ಹಿಂದೆ ತಿರುಗಿ ತಿರುಗಿ ನೋಡುತ್ತಾಳೆ. ಮರುದಿನ ಮತ್ತೆ ಹೋಗುತ್ತಾಳೆ, ಮತ್ತೆ ಪಿಸುಗುಟ್ಟುತ್ತಾಳೆ. ಕಾದಂಬರಿ ಅಲ್ಲಿಗೇ ಮುಗಿಯುತ್ತದೆ.

ಅದು ಸಿನಿಮಾ ಆಗಿ ನಮ್ಮೂರಿಗೂ ಬಂತು. "ನಡಿ, ನೋಡಿ ಬರೂಣು," ಅಂದರು ಅಕ್ಕೋರು. 'ನೋಡಿ' ಅಂದದ್ದಕ್ಕೆ ತಾವೇ ನಕ್ಕರು.

ಥೇಟರಿನಲ್ಲಿ ನಾನು ಅವರ ಕಿವಿಯಲ್ಲಿ ಒಂದೊಂದೇ ಹೇಳುತ್ತಿದ್ದೆ. ಕೊನೆಗೆ ನಾಯಕಿ ನೀರಿನ ಟಾಕಿ ಏರಿ, ಮೈಕಿನಲ್ಲಿ ಹಳೆಯ ಹೆಸರೆಲ್ಲ ಕೂಗಿದಳು. ಪರದೆಯ ಮೇಲೆ ಊರೇ ಎದ್ದು ನಿಂತಿತು, ಥೇಟರಿನ ಮಂದಿ ಸಿಳ್ಳೆ ಹೊಡೆದರು. ಅಕ್ಕೋರು ಶೇಂಗಾ ತಿನ್ನುವುದು ಬಿಟ್ಟು ಕೇಳಿದರು:

"ಇಕಿ ಒದರಾಕತ್ತಾಳಲ್ಲ... ಮಾರಿ ಹೆಂಗದ? ಅಂಜ್ಯಾಳೇನು?"

ಪರದೆಯನ್ನು ನಿರುಕಿಸಿ ನೋಡಿದೆ. "ಇಲ್ರಿ ಅಕ್ಕೋರ. ಒಟ್ಟ ಅಂಜಿಲ್ರಿ."

ಮನೆಗೆ ಬರುವಾಗ ನನ್ನ ಮೊಣಕೈ ಹಿಡಿದು ನಡೆದರು. ಸಿಟ್ಟಿರಲಿಲ್ಲ, ಏನೋ ಒಂದು ಕುತೂಹಲ ಹೊಕ್ಕಿತ್ತು. "ಹೆಸರು ಒಂದ, ಸಾಲಿನೂ ಒಂದ. ಆದ್ರ ಇಬ್ರೂ ಬ್ಯಾರೆ ಹೆಣ್ಮಕ್ಕಳು ನೋಡು. ಅಂಜಿಕಿನ ಇಲ್ಲದಾಕಿಗೆ ಒದರೂದು ಏನ್ ದೊಡ್ಡದು?"

"ಆದ್ರ ಅಕಿಯಿಂದ ಊರಿಗೆ ಊರ ಎದ್ದು ನಿಂತ್ತಲ್ರಿ. ಪುಸ್ತಕದಾಕಿಯಿಂದ ಏನಾತು?"

"ಅದೂ ಖರೆ," ಅಂದರು. ಎಷ್ಟೋ ದಿನ ಅದೇ ಮಾತು. ಕೊನೆಯ ಪುಟಗಳನ್ನು ಮತ್ತೆ ಮತ್ತೆ ಓದಿಸಿದರು. ಒಂದು ದಿನ ಸಿನಿಮಾದಾಕಿಯ ಪರ, ಮರುದಿನ ಪುಸ್ತಕದಾಕಿಯ ಪರ...

ಅಷ್ಟರಲ್ಲಿ ಅವರ ಅಣ್ಣ ಹುಬ್ಬಳ್ಳಿಯಿಂದ ಬಂದರು. ಬಂದಾಗಲೆಲ್ಲ ಅವರದು ಒಂದೇ ಮಾತು: "ನೌಕರಿ ಬಿಡು, ನಮ್ಮ ಮನಿಗೆ ಬಂದಬಿಡು. ಒಬ್ಬಾಕಿನ ಇರಾಕ ಅಂಜಿಕಿ ಬರೂದಿಲ್ಲೇನು?" ಪ್ರತಿ ಸಲ ಅಕ್ಕೋರು "ನನಗ್ಯಾತರ ಅಂಜಿಕಿ" ಅಂತ ಗದರಿಸುತ್ತಿದ್ದರು, ಜಗಳವಾಗುತ್ತಿತ್ತು. ಆ ದಿನ ಮಾತ್ರ ಸಣ್ಣ ದನಿಯಲ್ಲಿ ಹೇಳಿದರು:

"ಬರ್ತದ ಅಣ್ಣಾ. ದಿನಾ ಬರ್ತದ. ಬಾಗಲಾ ಸಪ್ಪಳಾದ್ರ ಎದಿ ಝಲ್ ಅಂತದ. ಆದ್ರೂ ನಾ ಇಲ್ಲೇ ಇರ್ತೇನಿ."

ಅಣ್ಣ ತಂಗಿಯ ಮುಖವನ್ನೇ ನೋಡಿದರು. ಚಹಾ ಕುಡಿದರು. ಹೋಗುವಾಗ ಬಾಗಿಲಿನ ಚಿಲಕ ಅಲುಗಾಡಿಸಿ ನೋಡಿ, ಪೇಟೆಗೆ ಹೋಗಿ ಹೊಸದು ತಂದು ತಾವೇ ಹಾಕಿಕೊಟ್ಟರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಅಕ್ಕೋರು ನಿವೃತ್ತರಾದ ಮೇಲೂ ಅದೇ ಖೋಲಿಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಇಳಕಲ್ಲಿಗೆ ಲಗ್ನವಾಗಿ ಬಂದ ನನಗೆ ಸುದ್ದಿ ಮುಟ್ಟಿದ್ದು ತಡವಾಗಿ.

ಆ ಕಾದಂಬರಿಯನ್ನು ಮತ್ತೊಮ್ಮೆ ಸಿನಿಮಾ ಮಾಡುತ್ತಾರಂತೆ. ಈ ಸಲದಾಕಿ ಹೇಗಿರುತ್ತಾಳೋ... ಹೋಗಿ ನೋಡುತ್ತೇನೆ. ಆದರೆ ಅವಳ ಮುಖ ಹೇಗಿದೆ ಎಂದು ಕೇಳುವವರು ಯಾರೂ ಇಲ್ಲ.