ಶಿಡ್ಲಘಟ್ಟದ ಕೆಂಪು ಕಾರಿಗೆ ಪಕ್ಕದ ಪೈಪು

ನಮ್ಮ ಸೈಲೆನ್ಸರ್ ಅಂಗಡಿ ನನ್ನ ಮೊಮ್ಮಗಳು ಅನುಷಾಳದ್ದಾಯಿತು! ಮೊನ್ನೆ ಭಾನುವಾರ ಸಂಜೆ ತೀರ್ಮಾನವಾಯಿತು. ಆವತ್ತಿನಿಂದ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿದೆ. ಅದೂ ಸಾಲದು ಅನ್ನಿಸಿ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಸಂತೋಷವನ್ನು ಸ್ವಲ್ಪ ಪಕ್ಕಕ್ಕಿಟ್ಟು, ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ಚಿಂತಾಮಣಿಯಲ್ಲಿ ನಮ್ಮದು ಒಂದೇ ಶಟರಿನ ಅಂಗಡಿ. ಮೂವತ್ತೆಂಟು ವರ್ಷ ಲಾರಿ, ಟ್ರ್ಯಾಕ್ಟರ್, ಜೀಪುಗಳ ಸೈಲೆನ್ಸರ್ ಬಿಚ್ಚಿ, ವೆಲ್ಡಿಂಗ್ ಮಾಡಿ, ಮತ್ತೆ ಕಟ್ಟುವ ಕೆಲಸ ಮಾಡಿದ್ದೇನೆ. ಎಂಜಿನ್ನಿನ ಬಿಸಿ ಹೊಗೆಯನ್ನು ಸದ್ದಡಗಿಸಿ ಹೊರಗೆ ಸಾಗಿಸುವುದು ಸೈಲೆನ್ಸರಿನ ಕೆಲಸ. ಮಂಡಿ ಕೈಕೊಟ್ಟ ಮೇಲೆ ಗಾಡಿಯ ಕೆಳಗೆ ಮಲಗುವುದು ನನ್ನಿಂದಾಗಲಿಲ್ಲ. ಡಿಪ್ಲೊಮಾ ಮುಗಿಸಿದ ಅನುಷಾ ಎರಡು ವರ್ಷದಿಂದ ಆ ಕೆಲಸ ನೋಡಿಕೊಳ್ಳುತ್ತಿದ್ದಾಳೆ. ನಾನು ಸ್ಟೂಲಿನ ಮೇಲೆ ಕೂತು ಸ್ಪ್ಯಾನರ್ ಕೊಡುತ್ತೇನೆ, ಕೇಳದಿದ್ದರೂ ಸಲಹೆ ಕೊಡುತ್ತೇನೆ.

ಅವಳ ಅಪ್ಪ, ಅಂದರೆ ನನ್ನ ಮಗ ಮುನಿರಾಜ, ಬ್ಯಾಟರಿ ಆಟೊ ಓಡಿಸುತ್ತಾನೆ. ಅಂಗಡಿಯ ಜಾಗವನ್ನು ಒಬ್ಬ ಬೇಕರಿಯವನಿಗೆ ಬಾಡಿಗೆಗೆ ಕೊಡಬೇಕೆಂಬುದು ಅವನ ಆಸೆ.

"ಅಪ್ಪಾ, ನನ್ನ ಆಟೊ ಕೆಳಗೆ ಬಗ್ಗಿ ನೋಡು, ಸೈಲೆನ್ಸರ್ ಐತಾ? ಮುಂದೆ ಯಾವ ಗಾಡಿಗೂ ಇರಲ್ಲ. ಆಗ ಇವಳು ಏನು ವೆಲ್ಡಿಂಗ್ ಮಾಡ್ತಾಳೆ, ಗಾಳೀನಾ?" ಎನ್ನುತ್ತಿದ್ದ.

ಅವನ ಮಾತು ಸುಳ್ಳೆಂದು ಹೇಳಲು ನನಗೂ ಬರುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಶಬ್ಬೀರ್ ಸಾಹೇಬರು ಕಾರು ತಂದರು. ಶಿಡ್ಲಘಟ್ಟದಲ್ಲಿ ಅವರದು ರೇಷ್ಮೆ ನೂಲಿನ ವ್ಯಾಪಾರ. ಕಾರು ಎರಡೇ ಸೀಟಿನದು, ಕೆಂಪು ಬಣ್ಣ, ನನ್ನ ಮಗನಿಗಿಂತ ಹಳೆಯದು. ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರು ಅದು. ನಮ್ಮ ಕಡೆಯ ರಸ್ತೆಗಳಲ್ಲಿ ಊರಿಗೊಂದು ಹಂಪ್ಸ್. ಹೊಟ್ಟೆಯ ಕೆಳಗೆ ಹಾದುಹೋಗುವ ಎರಡು ಪೈಪುಗಳು ಪ್ರತಿ ಹಂಪ್ಸಿಗೂ ಉಜ್ಜುತ್ತಿದ್ದವು.

"ನಮ್ಮನೆಯವಳನ್ನ ಗೌರಿಬಿದನೂರಿಗೆ, ಅವಳ ತವರಿಗೆ ಕರ್ಕೊಂಡು ಹೊರಟಿದ್ದೆ. ಅರ್ಧ ದಾರೀಲಿ ಪೈಪು ಕಿತ್ಕೊಂಡು ಬಿತ್ತು. ನಾನು ಪೈಪು ಎತ್ಕೊಳೋ ಅಷ್ಟರಲ್ಲಿ ಅವಳು ಬಸ್ ಹತ್ಕೊಂಡು ಹೋಗೇಬಿಟ್ಳು, ವೆಂಕಟರವಣಪ್ಪನೋರೆ! ಇನ್ನ ಈ ಕಾರಲ್ಲಿ ಕೂರಲ್ಲ ಅಂತಾಳೆ," ಎಂದರು ಸಾಹೇಬರು.

ಪೈಪುಗಳನ್ನು ಹಿಂದಕ್ಕೆ ಒಯ್ಯದೆ ಎರಡೂ ಪಕ್ಕಕ್ಕೆ ತಿರುಗಿಸಿ, ಬಾಗಿಲುಗಳ ಕೆಳಗಿನ ಅಂಚಿನಲ್ಲಿ ಸಾಗಿಸಿ, ಹಿಂದಿನ ಚಕ್ರದ ಮುಂದೆಯೇ ಹೊರಗೆ ಬಿಡಬೇಕೆಂಬುದು ಅವರ ಕೋರಿಕೆ. ಆಗ ಹೊಟ್ಟೆಯ ಕೆಳಗೆ ಜೋತಾಡುವುದು ಏನೂ ಉಳಿಯುವುದಿಲ್ಲ.

"ಸದ್ದು ಮಾತ್ರ ಸ್ವಲ್ಪ ಗುಡುಗಿದಂಗೆ ಇರ್ಲಮ್ಮ," ಎಂದು ಮೆಲ್ಲಗೆ ಸೇರಿಸಿದರು.

"ಗುಡುಗಿದ್ರೆ ಮಳೆ ಬರಲ್ಲ ಸಾಹೇಬ್ರೆ, ಪೊಲೀಸ್ನೋರು ಬರ್ತಾರೆ," ಎಂದಳು ಅನುಷಾ.

ಅಲ್ಲೇ ನಿಂತಿದ್ದ ಮುನಿರಾಜ ಮಗಳಿಗೆ ಹೇಳಿದ: "ಭಾನುವಾರ ಸಾಯಂಕಾಲ ಬೇಕರಿಯೋರು ಮಾತು ಮುಗಿಸಕ್ಕೆ ಬರ್ತಾರೆ. ಅಷ್ಟರಲ್ಲಿ ಈ ಕಾರು ಮಾಡಿ ಕಳಿಸು. ದೂರು ಹೊತ್ಕೊಂಡು ವಾಪಸ್ ಬರದೆ ಇದ್ರೆ ಅಂಗಡಿ ನಿಂದು. ಬಂದ್ರೆ ಬೇಕರಿಗೆ. ಆಮೇಲೆ ಅಳಬಾರದು."

"ಆಯ್ತಪ್ಪ," ಎಂದು ಅವಳು ಕಾರಿನ ಕೆಳಗೆ ಸೇರಿಕೊಂಡಳು.

ಕೆಲಸ ಹೀಗೆ ನಡೆಯಿತು. ಓಡುವಾಗ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುತ್ತದೆ, ಕಾರಿನ ಬಾಡಿ ಅಷ್ಟು ಅಲುಗಾಡುವುದಿಲ್ಲ. ಒಂದೇ ಗಟ್ಟಿ ಪೈಪು ಎರಡನ್ನೂ ಹಿಡಿದರೆ ಬೆಸುಗೆ ಬಿರಿಯುತ್ತದೆ. ಆದ್ದರಿಂದ ನಡುವೆ ಬಳುಕುವ ಫ್ಲೆಕ್ಸಿಬಲ್ ಪೈಪು ಹಾಕಿದಳು. ಅದರಾಚೆಯ ಪೈಪನ್ನು ಕಾರಿನ ಬಾಡಿಯ ಜೊತೆ ಕಬ್ಬಿಣದ ಕ್ಲಾಂಪಿನಿಂದ ಬಿಗಿಯುವಂತೆ ನಾನು ಹೇಳಿದೆ. ಅವಳು ಕೇಳಲಿಲ್ಲ, ರಬ್ಬರ್ ಹ್ಯಾಂಗರಿನಿಂದ ತೂಗುಹಾಕಿದಳು. ದಪ್ಪ ತಂತಿಯನ್ನು ಬಗ್ಗಿಸಿ ಬೇಕಾದ ತಿರುವಿನ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಎರಡು ಇಂಚಿನ ಸ್ಟೀಲ್ ಪೈಪು ಬಗ್ಗಿಸಿದೆವು. ಸದ್ದಡಗಿಸಲು ಎರಡು ಕಡೆಯೂ ಒಂದೊಂದು ಗಿಡ್ಡ ಮಫ್ಲರ್. ಹೊಗೆ ಕಿಟಕಿಯೊಳಗೆ ನುಗ್ಗಬಾರದೆಂದು ಪೈಪಿನ ಬಾಯಿಯನ್ನು ಹಿಂದಕ್ಕೆ ಓರೆ ಮಾಡಿದಳು.

ಶುಕ್ರವಾರ ನಾವಿಬ್ಬರೂ ಕೈವಾರದವರೆಗೆ ಓಡಿಸಿಕೊಂಡು ಹೋಗಿ ಬಂದೆವು. ಒಂದು ಹಂಪ್ಸಿಗೂ ಉಜ್ಜಲಿಲ್ಲ. ಎಲ್ಲೂ ಬಿರುಕಿಲ್ಲ. ಮುನಿರಾಜ ಬಗ್ಗಿ ಬಗ್ಗಿ ನೋಡಿದ. ಅವನಿಗೆ ಒಂದು ತಪ್ಪೂ ಸಿಗಲಿಲ್ಲ. ಸಾಹೇಬರಿಗೆ ಫೋನ್ ಮಾಡುವಂತೆ ನಾನು ಅವಸರಪಡಿಸಿದೆ.

"ತಡಿ ತಾತ," ಎಂದು ಅನುಷಾ ಮನೆಯೊಳಗೆ ಹೋದಳು. ಬರುವಾಗ ಪ್ಯಾಂಟಿನ ಮೇಲೆ ಅವರಜ್ಜಿಯ ಪಾಲಿಸ್ಟರ್ ಸೀರೆ ಸುತ್ತಿಕೊಂಡಿದ್ದಳು. ಎಡಗಡೆಯ ಸೀಟಿನಲ್ಲಿ ಕೂತು, ಬಾಗಿಲು ತೆಗೆದು, ಹೆಂಗಸರು ಇಳಿಯುವ ಹಾಗೆ ನಿಧಾನವಾಗಿ ಇಳಿದಳು. ಅಷ್ಟು ತಗ್ಗಿನ ಕಾರಿನಿಂದ ಏಳುವಾಗ ಸೀರೆಯ ಅಂಚು ಪೈಪಿಗೆ ತಾಗಿತು. ಚುರ್ ಎಂದು ಹೊಗೆ ಎದ್ದಿತು. ಅಂಗೈಯಗಲ ಬಟ್ಟೆ ಕರಗಿ ಪೈಪಿಗೆ ಅಂಟಿಕೊಂಡಿತು.

ನನ್ನ ಹೆಂಡತಿ ಪಾಪಮ್ಮ ಬಾಗಿಲಿನಿಂದಲೇ ಕೂಗಿದಳು: "ಅಯ್ಯೋ ಹಾಳಾದೋಳೆ! ನನ್ ತಂಗಿ ಕೊಟ್ಟಿದ್ದ ಸೀರೆ ಕಣೇ ಅದು!"

"ಶಬ್ಬೀರ್ ಸಾಹೇಬ್ರ ಮನೆಯೋರು ಬುರ್ಖಾ ಹಾಕ್ಕೊಂಡು ಇಳೀತಾರೆ ಅಜ್ಜಿ. ಅದೂ ಇಂಥದೇ ಬಟ್ಟೆ," ಎಂದಳು ಅನುಷಾ. ಮುಖ ಸಣ್ಣದಾಗಿತ್ತು.

ನಾನು ಜೀವಮಾನವೆಲ್ಲ ಲಾರಿ, ಟ್ರ್ಯಾಕ್ಟರಿಗೆ ಕೆಲಸ ಮಾಡಿದವನು. ಪೈಪಿನ ಪಕ್ಕದಲ್ಲಿ ಸೀರೆ ಇಳಿಯುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ಮುನಿರಾಜ ಕೈ ಕಟ್ಟಿ ನಿಂತ. "ದೂರು ಬಂದಂಗೇ ಲೆಕ್ಕ."

"ಕಾರು ಇನ್ನ ಹೋಗೇ ಇಲ್ಲ, ವಾಪಸ್ ಹೆಂಗಪ್ಪ ಬರ್ತದೆ?" ಎಂದಳು ಅನುಷಾ.

ಅವನಿಗೂ ನಗು ಬಂತು, ಆದರೆ ತಡೆದುಕೊಂಡ.

ಉಳಿದದ್ದು ಶನಿವಾರ ಒಂದೇ. ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿಬಿಡೋಣವೆಂದು ನಾನು ಹೇಳಿದರೆ, ಅದು ಮಳೆನೀರು ಹೀರಿಕೊಂಡು ಪೈಪಿಗೇ ತುಕ್ಕು ಹಿಡಿಸುತ್ತದೆ ಎಂದಳು ಅನುಷಾ. ಗುಜರಿಯಿಂದ ತೂತುಗಳಿರುವ ಸ್ಟೀಲ್ ಶೀಟು ತಂದಳು. ಪೈಪುಗಳನ್ನು ಎರಡು ಬೆರಳಿನಷ್ಟು ಒಳಕ್ಕೆ ಸರಿಸಿದಳು. ಅವಕ್ಕೆ ಶೀಟಿನ ಹೊದಿಕೆ ಮಾಡಿ, ಪೈಪಿಗೂ ಹೊದಿಕೆಗೂ ನಡುವೆ ಬೆರಳಗಲ ಜಾಗ ಬಿಟ್ಟಳು. ಕಾರು ಓಡುವಾಗ ಆ ಸಂದಿಯಲ್ಲಿ ಗಾಳಿ ಹಾಯ್ದು ಹೊದಿಕೆ ತಣ್ಣಗಿರುತ್ತದೆ. ಇದಕ್ಕೆ ಹೀಟ್ ಶೀಲ್ಡ್ ಎನ್ನುತ್ತಾರೆ. ನಿಂತ ಕಾರಿನಲ್ಲಿಯೂ ಸುಡಬಾರದೆಂದು ಒಳಗಡೆ ಇನ್ನೊಂದು ತೆಳು ತಗಡು ಕೊಟ್ಟಳು.

ಈ ಸಲ ಸೀರೆ ಕೊಡಲು ಪಾಪಮ್ಮ ಒಪ್ಪಲಿಲ್ಲ. "ನಿನ್ ಕೈಗೆ ಕೊಟ್ರೆ ಸುಡ್ತೀಯ. ನಾನೇ ಬರ್ತೀನಿ ನಡಿ," ಎಂದು ತಾನೇ ಕಾರು ಹತ್ತಿದಳು. "ಇದೇನೇ, ಚಾಪೆ ಮೇಲೆ ಕೂತಂಗೈತೆ!" ಎಂದದ್ದು ಬೀದಿಗೆಲ್ಲ ಕೇಳಿಸಿತು. ಕೈವಾರಕ್ಕೆ ಹೋಗಿ, ಕೈ ಮುಗಿದು ಬಂದು ಇಳಿದಳು. ಅಂಚು ಹೊದಿಕೆಯ ಮೇಲೆಯೇ ಬಿದ್ದಿತು, ಏನೂ ಆಗಲಿಲ್ಲ. ನಂಬಿಕೆ ಸಾಲದೆ ಸೆರಗನ್ನೂ ಒತ್ತಿ ಹಿಡಿದು ನೋಡಿದಳು.

ಭಾನುವಾರ ಬೆಳಗ್ಗೆ ಸಾಹೇಬರು ಹೆಂಡತಿ ನಸೀಮಾಬೀಯವರನ್ನು ಕರೆತಂದರು.

"ಇವರ ಮಾತು ನಾನು ಕೇಳಲ್ಲ. ನೀನು ಹೇಳಮ್ಮ, ನಿನ್ನ ತಾಯೀನ ಇದರಲ್ಲಿ ಕೂರಿಸ್ತೀಯಾ?" ಎಂದರು ಆಕೆ.

"ನಮ್ಮಜ್ಜೀನೇ ಕೂತು ಬಂದವ್ರೆ ಅಮ್ಮ."

ಆಕೆ ಪಾಪಮ್ಮನ ಮುಖ ನೋಡಿದರು. ಪಾಪಮ್ಮ ತಲೆಯಾಡಿಸಿದಳು. ಗಂಡ ಹೆಂಡತಿ ಗೌರಿಬಿದನೂರಿಗೆ ಹೊರಟರು.

ಸಂಜೆ ಹೇಳಿದ ಹೊತ್ತಿಗೆ ಬೇಕರಿಯವರು ಬಂದು, ಒಲೆ ಎಲ್ಲಿಡಬೇಕು, ಗಾಜಿನ ಕಪಾಟು ಎಲ್ಲಿಡಬೇಕು ಎಂದು ಗೋಡೆ ಅಳೆಯತೊಡಗಿದರು. ಅಷ್ಟರಲ್ಲಿ ಕೆಂಪು ಕಾರು ಬಂದು ಅಂಗಡಿಯ ಮುಂದೆ ನಿಂತಿತು. ಶಿಡ್ಲಘಟ್ಟದ ತಮ್ಮ ಮನೆ ದಾಟಿ ಇಲ್ಲಿಯವರೆಗೆ ಬಂದಿದ್ದಾರೆಂದರೆ ದೂರೇ ಇರಬೇಕು. ನಾನು ಸ್ಟೂಲು ಬಿಟ್ಟು ಎದ್ದೆ. ಅನುಷಾ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಕಾರಿನತ್ತ ನಡೆದಳು.

ನಸೀಮಾಬೀ ಎಡಬಾಗಿಲು ತೆಗೆದು ಯಾವ ಎಚ್ಚರಿಕೆಯೂ ಇಲ್ಲದೆ ಇಳಿದರು. ಬುರ್ಖಾದ ಅಂಚು ಹೊದಿಕೆಯ ಮೇಲೆ ಹರಿದಾಡಿತು.

"ಏನಾಯ್ತಮ್ಮ? ಪೈಪು ಸಡಿಲ ಆಯ್ತಾ?" ಎಂದಳು ಅನುಷಾ.

"ಏನೂ ಆಗ್ಲಿಲ್ಲ. ಅದನ್ನ ಹೇಳೋಕೇ ಬಂದೆ. ಇವರು ಫೋನಲ್ಲಿ ಹೇಳಿದ್ರೆ ಸಾಕು ಅಂದ್ರು, ನಾನೇ ಕಾರು ಇಲ್ಲಿಗೇ ಬಿಡಿ ಅಂದೆ," ಎಂದು ಆಕೆ ಅವಳ ಕೆನ್ನೆ ಸವರಿದರು. "ನನ್ನ ತಮ್ಮನ ಹತ್ರ ಹಳೇ ಜೀಪ್ ಇದೆ. ನಾಳೆ ಕಳಿಸ್ತಾನೆ. ಅಂಗಡಿ ತೆಗೆದಿರ್ತೀಯಲ್ಲ?"

ಅನುಷಾ ಅಪ್ಪನ ಕಡೆ ನೋಡಿದಳು. ಮುನಿರಾಜ ಬೇಕರಿಯವರ ಹತ್ತಿರ ಹೋಗಿ, "ತಪ್ಪು ತಿಳ್ಕೊಬೇಡಿ ಅಣ್ಣ. ಅಂಗಡಿ ಖಾಲಿ ಇಲ್ಲ," ಎಂದ.

ಎಲ್ಲ ಗಾಡಿಗಳೂ ಬ್ಯಾಟರಿಯವೇ ಆಗುವ ಕಾಲಕ್ಕೆ ಅವಳು ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಆದರೆ ಆ ವಾರ ನಾನು ಕಲಿತದ್ದಿಷ್ಟು: ಗಾಡಿ ಓಡಿದ ಮಾತ್ರಕ್ಕೆ ಕೆಲಸ ಮುಗಿದಿರುವುದಿಲ್ಲ. ಅದರಲ್ಲಿ ಕೂತವರು ಇಳಿದು ಮನೆಯೊಳಗೆ ಹೋಗುವವರೆಗೂ ಅದು ನಮ್ಮ ಕೆಲಸವೇ. ಮೂವತ್ತೆಂಟು ವರ್ಷದಲ್ಲಿ ನನಗೆ ತಿಳಿಯದ್ದನ್ನು ಅವಳು ಎರಡೇ ವರ್ಷದಲ್ಲಿ ತಿಳಿದುಕೊಂಡಿದ್ದಾಳೆ. ಇದಕ್ಕಿಂತ ಸಂತೋಷ ತಾತನಿಗೆ ಇನ್ನೇನು ಬೇಕು!

ಅಂದು ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸೊಸೆ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ತಗಡು ಕೊಯ್ದು ಗಾಯವಾದ ಬೆರಳಿಗೆ ಖಾರ ತಾಗಿ ಅನುಷಾ ಕೈ ಒದರಿದಳು. ಮುನಿರಾಜ ಅಡುಗೆಮನೆಯ ಕಡೆ ತಿರುಗಿ, "ಏ, ಮಗೂಗೆ ಒಂದು ಚಮಚ ತಗೊಂಡ್ ಬಾರೆ," ಎಂದು ಕೂಗಿದ.

"ಮುದ್ದೆಗೆ ಚಮಚನಾ?" ಎಂದಳು ಪಾಪಮ್ಮ.

ಎಲ್ಲರೂ ಎಷ್ಟು ನಕ್ಕೆವೆಂದರೆ, ಸೊಸೆ ಚಮಚ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.